ಆಗಿಬರುವುದಿಲ್ಲ ಎಂದರೆ ತಪ್ಪು ಯಾರದು?

'ಅಲರ್ಜಿ' ಎಂಬ ಪದ ಆಸ್ಪತ್ರೆಯಿಂದ ನಮ್ಮ ಊರುಗಳಿಗೆ ಬರುವ ಮೊದಲೇ ಅದಕ್ಕೊಂದು ಮಾತಿತ್ತು. 'ನನಗೆ ಅದು ಆಗಿಬರಲ್ಲ' ಎನ್ನುತ್ತಿದ್ದರು. ಒಬ್ಬರಿಗೆ ಬದನೆಕಾಯಿ ಆಗಿಬರಲ್ಲ, ಇನ್ನೊಬ್ಬರಿಗೆ ರಾಗಿ ತೂರುವಾಗಿನ ದೂಳು ಆಗಿಬರಲ್ಲ, ಮತ್ತೊಬ್ಬರಿಗೆ ಮಳೆ ಬಿದ್ದ ಹಿಂದೆಯೇ ಏಳುವ ಕಾಂಗ್ರೆಸ್ ಗಿಡ ಆಗಿಬರಲ್ಲ. ಇದೇ ಮಾತನ್ನು ಮನುಷ್ಯರ ಬಗ್ಗೆಯೂ ಆಡುತ್ತೇವೆ. 'ಅವಳಿಗೂ ನನಗೂ ಆಗಿಬರಲ್ಲ' ಎಂದಾಗ ಅವಳು ಕೆಟ್ಟವಳು ಎಂದು ಹೇಳಿದಂತೆ ಆಗುವುದಿಲ್ಲ, ನಾನು ಕೆಟ್ಟವಳು ಎಂದು ಒಪ್ಪಿಕೊಂಡಂತೆಯೂ ಆಗುವುದಿಲ್ಲ. ಇಬ್ಬರ ನಡುವೆ ಕೂಡಿಬರುತ್ತಿಲ್ಲ ಎಂದಷ್ಟೇ ಅರ್ಥ. ತಪ್ಪು ಯಾರದು ಎಂಬ ಪ್ರಶ್ನೆಯನ್ನು ಆ ಮಾತು ಜಾಣತನದಿಂದ ಪಕ್ಕಕ್ಕೆ ಸರಿಸಿಬಿಡುತ್ತದೆ.

ನಾನು ಪಿಎಚ್.ಡಿ.ಗಾಗಿ ಓದುತ್ತಿರುವ ವಿಷಯ ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಅಲರ್ಜಿಯ ಉರಿಯೂತದಲ್ಲಿ ಟಿ ಕೋಶಗಳು ಸ್ರವಿಸುವ ಸೈಟೊಕೈನ್ ಎಂಬ ಪುಟ್ಟ ಪ್ರೋಟೀನ್‌ಗಳ ಪಾತ್ರವೇನು ಎಂಬುದು ನನ್ನ ಓದಿನ ವಸ್ತು. ಯಾವ ಕೋಶ, ಯಾವ ಅಣು, ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ ಎಂದು ನಾವು ಕೇಳುತ್ತಾ ಹೋಗುತ್ತೇವೆ. ಉತ್ತರಗಳೂ ಸಿಗುತ್ತವೆ. ಆದರೆ ಆ ಉತ್ತರಗಳನ್ನು ಕೇಳಿದವರು ಅದರಲ್ಲಿ ಇನ್ನೊಂದು ಉತ್ತರವನ್ನೂ ಓದಿಕೊಳ್ಳುತ್ತಾರೆ. ನೋವಿನ ಕಾರಣ ತಿಳಿಯಿತು ಎಂದರೆ ತಪ್ಪಿತಸ್ಥರೂ ತಿಳಿದರು ಎಂದುಕೊಳ್ಳುತ್ತಾರೆ. ಈ ಎರಡು ಒಂದೇ ಹೌದೇ ಎಂಬುದು ಈ ಬರಹದ ಪ್ರಶ್ನೆ. ಇದನ್ನು ನಮ್ಮ ಸೀಮೆಯ ಒಂದು ಗಿಡವನ್ನೇ ಮುಂದಿಟ್ಟುಕೊಂಡು ಕೇಳುತ್ತೇನೆ.

*

ಕಳ್ಳಂಬೆಳ್ಳ ಶಿರಾ ತಾಲ್ಲೂಕಿನ ಹೋಬಳಿ ಕೇಂದ್ರ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಊರು, ದೊಡ್ಡ ಕೆರೆಯ ಊರು. ಹೇಮಾವತಿ ನೀರು ಹರಿದ ವರ್ಷ ಕೆರೆಗೆ ಕಳೆ ಬರುತ್ತದೆ, ಹರಿಯದ ವರ್ಷ ಕೆರೆಯಂಗಳ ಕಾಣುತ್ತದೆ. ಇಲ್ಲಿಂದ ಮಧುಗಿರಿ, ಕೊರಟಗೆರೆ, ಪಾವಗಡದವರೆಗೂ ಮಳೆಯನ್ನೇ ನೆಚ್ಚಿದ ಬಯಲುಸೀಮೆ. ಮಳೆ ಕೈಕೊಟ್ಟರೆ ಹೊಲ ಬೀಳುಬೀಳುತ್ತದೆ. ಬೀಳುಬಿದ್ದ ಹೊಲದಲ್ಲಿ, ಕೆರೆ ಏರಿಯ ಮಗ್ಗುಲಲ್ಲಿ, ರಸ್ತೆಗೆಂದು ಮಣ್ಣು ತೆಗೆದ ಗುಂಡಿಗಳಲ್ಲಿ, ಖಾಲಿ ನಿವೇಶನಗಳಲ್ಲಿ ಒಂದು ಹದ ಮಳೆಗೇ ಪಾರ್ಥೇನಿಯಂ ಏಳುತ್ತದೆ. ಎಲೆ ಸೇವಂತಿಗೆಯಂತೆ, ಹೂವು ಬಿಳಿ ಚುಕ್ಕೆಯಂತೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೇರೇನೂ ಸಿಗದೆ ತಿಂದರೆ ಹಾಲು ಕಹಿಯಾಗುತ್ತದೆ.

ಇದರ ತವರು ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ಅಮೆರಿಕದ ನೆಲ. ಇಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಳಿ ಸಿದ್ಧ ಉತ್ತರವಿದೆ. ಅಮೆರಿಕದಿಂದ ಪಿಎಲ್ 480 ಯೋಜನೆಯಡಿ ಬಂದ ಗೋಧಿಯ ಜೊತೆ ಬಂತು, ಆಗ ಕಾಂಗ್ರೆಸ್ ಸರ್ಕಾರವಿತ್ತು, ಹಾಗಾಗಿ ಕಾಂಗ್ರೆಸ್ ಗಿಡ. ಹೂವು ಗಾಂಧಿ ಟೋಪಿಯಂತೆ ಬೆಳ್ಳಗಿರುವುದರಿಂದ ಆ ಹೆಸರು ಎನ್ನುವವರೂ ಇದ್ದಾರೆ. ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಕಥೆ ಸ್ವಲ್ಪ ಅಲುಗಾಡುತ್ತದೆ. ಪುಣೆಯಲ್ಲಿ ಈ ಗಿಡವನ್ನು ಗುರುತಿಸಿದ್ದು 1955ರಲ್ಲಿ. ಪಿಎಲ್ 480ರಡಿ ಭಾರತ ಮೊದಲ ಒಪ್ಪಂದ ಮಾಡಿಕೊಂಡದ್ದು 1956ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ, 1951ರಲ್ಲೇ ಅಮೆರಿಕದಿಂದ ಸಾಲದ ಗೋಧಿ ಬಂದಿತ್ತು. ಆದ್ದರಿಂದ ಗೋಧಿಯ ದಾರಿಯನ್ನು ಪೂರ್ತಿ ಅಲ್ಲಗಳೆಯುವಂತೆಯೂ ಇಲ್ಲ. ಇನ್ನು 1814ರ ಕಲ್ಕತ್ತಾ ಸಸ್ಯೋದ್ಯಾನದ ಪಟ್ಟಿಯಲ್ಲೇ ಇದರ ಹೆಸರಿದೆ ಎಂದು ಸಸ್ಯವಿಜ್ಞಾನಿಗಳು ಬರೆದಿದ್ದಾರೆ.

ಈ ಲೆಕ್ಕವನ್ನು ಇಲ್ಲಿ ಬರೆದದ್ದು ಒಂದು ಪಕ್ಷವನ್ನೋ ಒಂದು ದೇಶವನ್ನೋ ಪಾರುಮಾಡಲು ಅಲ್ಲ. ಒಂದು ಕೇಡು ಎದುರಾದಾಗ ಅದಕ್ಕೊಂದು ಮುಖ ಹುಡುಕುವ ಆತುರ ನಮಗೆಷ್ಟು ಇದೆ ಎಂಬುದನ್ನು ತೋರಿಸಲು. ಮುಖ ಸಿಕ್ಕಿದ ಮೇಲೆ ಮನಸ್ಸಿಗೆ ಒಂದು ಬಗೆಯ ಸಮಾಧಾನ. ಎಪ್ಪತ್ತು ವರ್ಷಗಳಿಂದ ನಾವು ಆ ಗಿಡಕ್ಕೆ ಬೈಗುಳದ ಹೆಸರಿಟ್ಟು ಕರೆಯುತ್ತಿದ್ದೇವೆ. ಗಿಡ ಮಾತ್ರ ಏರಿಯ ಮೇಲೆ ಹೂಬಿಡುತ್ತಲೇ ಇದೆ.

*

ಈಗ ಗಿಡದಿಂದ ಮೈಗೆ ಬರೋಣ.

ಪಾರ್ಥೇನಿಯಂ ಎರಡು ಬಗೆಯಲ್ಲಿ ಕಾಡುತ್ತದೆ. ಅದರ ಪರಾಗದಿಂದ ಕೆಲವರಿಗೆ ಸೀನು, ನೆಗಡಿ, ಮೂಗು ಕಟ್ಟುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು 1970ರ ದಶಕದಿಂದ ಇದರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಎರಡನೆಯದು ಚರ್ಮದ ಕಾಯಿಲೆ. ಎಲೆ, ಕಾಂಡದ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿರುತ್ತದೆ. ಗಿಡ ಒಣಗಿ ಪುಡಿಯಾದಾಗ ಅದು ಗಾಳಿಯಲ್ಲಿ ಸೇರುತ್ತದೆ. ಹಾಗಾಗಿ ಗಿಡವನ್ನು ಕೈಯಿಂದ ಮುಟ್ಟದವರಿಗೂ ಕಣ್ಣಿನ ರೆಪ್ಪೆ, ಕತ್ತಿನ ಮಡಿಕೆ, ಮೊಣಕೈಯ ಒಳಮಗ್ಗುಲಲ್ಲಿ ತುರಿಕೆ ಶುರುವಾಗುತ್ತದೆ. ವರ್ಷಗಳು ಕಳೆದಂತೆ ಚರ್ಮ ದಪ್ಪವಾಗಿ, ಕಪ್ಪಾಗಿ, ಮುಖದ ಗೆರೆಗಳು ಆಳವಾಗುತ್ತವೆ. ಕೆಲವರಿಗೆ ಬಿಸಿಲೂ ತಡೆಯದಂತಾಗುತ್ತದೆ.

ಪಾರ್ಥೆನಿನ್ ತೀರ ಚಿಕ್ಕ ಅಣು. ಅಷ್ಟು ಚಿಕ್ಕದನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ತಾನಾಗಿ ಗಮನಿಸುವುದೇ ಇಲ್ಲ. ಆದರೆ ಅದು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನ್‌ಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೀಗೆ ಅಂಟಿಕೊಂಡು ಕಾಟ ಕೊಡುವ ಅಣುಗಳಿಗೆ ಹ್ಯಾಪ್ಟನ್ ಎಂದು ಹೆಸರು. ಚರ್ಮದಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ಆ ರೂಪಗೆಟ್ಟ ಪ್ರೋಟೀನಿನ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಗಳಿಗೆ ತೋರಿಸುತ್ತವೆ. ಆ ತುಣುಕನ್ನು ಗುರುತಿಸಬಲ್ಲ ಕೆಲವೇ ಟಿ ಕೋಶಗಳು ಅಲ್ಲಿ ಸಾವಿರಾರಾಗಿ ಬೆಳೆಯುತ್ತವೆ. ಇದಕ್ಕೆ ಹತ್ತು ಹದಿನೈದು ದಿನ ಬೇಕಾಗಬಹುದು. ಈ ಹಂತದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಮುಂದೆಂದೋ ಅದೇ ಅಣು ಮತ್ತೆ ಮೈ ಸೋಕಿದಾಗ, ನೆನಪಿಟ್ಟುಕೊಂಡ ಟಿ ಕೋಶಗಳು ಒಂದೆರಡು ದಿನಗಳಲ್ಲಿ ಅಲ್ಲಿಗೆ ಬಂದು ಸೇರುತ್ತವೆ.

ಬಂದ ಟಿ ಕೋಶಗಳು ಪರಸ್ಪರ ಮತ್ತು ಸುತ್ತಲಿನ ಕೋಶಗಳ ಜೊತೆ ಆಡುವ ಮಾತೇ ಸೈಟೊಕೈನ್. ಮೊದಲ ಕೂಗು ಹಾಕುವುದು ಚರ್ಮದ ಸಾಮಾನ್ಯ ಕೋಶಗಳು. ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಎಂಬ ಅಣುಗಳನ್ನು ಹೊರಬಿಟ್ಟು ರಕ್ತನಾಳಗಳನ್ನು ಸಡಿಲಿಸುತ್ತವೆ. ಆ ಮೇಲೆ ಟಿ ಕೋಶಗಳು ಇಂಟರ್‌ಫೆರಾನ್-ಗಾಮಾ, ಇಂಟರ್‌ಲ್ಯೂಕಿನ್-17 ಮುಂತಾದವನ್ನು ಸುರಿಸಿ ಇನ್ನಷ್ಟು ಕೋಶಗಳನ್ನು ಕರೆಯುತ್ತವೆ. ಬೇರೊಂದು ಬಗೆಯ ಟಿ ಕೋಶಗಳು ಇಂಟರ್‌ಲ್ಯೂಕಿನ್-4, 5, 13 ಬಿಡುತ್ತವೆ. ಇಂಟರ್‌ಲ್ಯೂಕಿನ್-31 ನರಗಳಿಗೆ ತುರಿಕೆಯ ಸುದ್ದಿ ಮುಟ್ಟಿಸುತ್ತದೆ. ಸಹಾಯಕ ಟಿ ಕೋಶಗಳಲ್ಲಿ ಹೀಗೆ ಬೇರೆಬೇರೆ ಸೈಟೊಕೈನ್ ಬಿಡುವ ಬಣಗಳಿವೆ ಎಂದು 1986ರಲ್ಲಿ ಮಾಸ್‌ಮನ್ ಮತ್ತು ಕಾಫ್‌ಮನ್ ಇಲಿಯ ಕೋಶಗಳಲ್ಲಿ ತೋರಿಸಿದರು. ಅದಕ್ಕೂ ಮುಂಚೆ, 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಒಂದು ಗಿನಿಹಂದಿಯ ಚರ್ಮದ ಅಲರ್ಜಿಯನ್ನು ಅದರ ಬಿಳಿ ಕೋಶಗಳ ಮೂಲಕ ಇನ್ನೊಂದಕ್ಕೆ ದಾಟಿಸಿದ್ದರು. ಅದರ ರಕ್ತದ ಸೀರಮ್ ಕೊಟ್ಟಾಗ ಹಾಗೆ ಆಗುತ್ತಿರಲಿಲ್ಲ. ಈ ಕಾಯಿಲೆ ಕೋಶಗಳದೇ ಕೈವಾಡ ಎಂದು ಗೊತ್ತಾದದ್ದು ಹಾಗೆ.

ಇಷ್ಟು ಕೇಳಿದ ಮೇಲೆ ಯಾರಿಗಾದರೂ ಅನ್ನಿಸುವುದು ಸಹಜ: ಓಹೋ, ಹಾಗಾದರೆ ಗಿಡ ಏನೂ ಮಾಡಲಿಲ್ಲ. ಸುಟ್ಟದ್ದು ನಮ್ಮದೇ ಸೈನ್ಯ.

*

ಪಠ್ಯಪುಸ್ತಕಗಳ ಭಾಷೆಯೂ ಇದಕ್ಕೆ ಒತ್ತು ಕೊಡುತ್ತದೆ. ಅಲರ್ಜಿ ಎಂದರೆ ನಿರುಪದ್ರವಿ ವಸ್ತುವಿಗೆ ದೇಹ ತೋರುವ 'ಅತಿಯಾದ' ಪ್ರತಿಕ್ರಿಯೆ, 'ತಪ್ಪು' ಗುರುತಿಸುವಿಕೆ ಎಂದು ಬರೆಯುತ್ತೇವೆ. 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಈ ಪದವನ್ನು ಟಂಕಿಸಿದಾಗ ಅದರಲ್ಲಿ ಅಂಥ ಬೈಗುಳ ಇರಲಿಲ್ಲ. ಒಂದು ವಸ್ತುವನ್ನು ಒಮ್ಮೆ ಕಂಡ ದೇಹ ಮುಂದಿನ ಸಲ 'ಬೇರೆ ರೀತಿ' ಸ್ಪಂದಿಸುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಬದಲಾವಣೆ ಕಾಪಾಡಲೂಬಹುದು, ಕಾಡಲೂಬಹುದು. ನಮ್ಮ 'ಆಗಿಬರಲ್ಲ' ಎಂಬ ಮಾತಿಗೆ ಅದು ಹತ್ತಿರವಿತ್ತು. ಕಾಲ ಕಳೆದಂತೆ ಪದ ಕುಗ್ಗಿ ಕೇಡಿನ ಅರ್ಥವೊಂದೇ ಉಳಿಯಿತು.

ಪಾರ್ಥೇನಿಯಂ ವಿಚಾರದಲ್ಲಿ 'ತಪ್ಪು ಗುರುತಿಸುವಿಕೆ' ಎನ್ನುವುದು ಎಷ್ಟು ಸರಿ? ಟಿ ಕೋಶ ಅಲ್ಲಿ ಏನನ್ನು ಕಂಡಿತು? ರೂಪ ಬದಲಾದ ತನ್ನದೇ ಪ್ರೋಟೀನನ್ನು ಕಂಡಿತು. ಪ್ರೋಟೀನಿನ ರೂಪ ನಿಜವಾಗಿಯೂ ಬದಲಾಗಿತ್ತು. ಕೋಶ ಇಲ್ಲದ್ದನ್ನು ಕಲ್ಪಿಸಿಕೊಳ್ಳಲಿಲ್ಲ.

ಇದನ್ನು ಯೋಚಿಸುವಾಗ ನನಗೆ ಸೂರ್ಯಕಾಂತಿಯ ಪ್ರಸಂಗ ನೆನಪಾಗುತ್ತದೆ. ಪಾರ್ಥೇನಿಯಂ ಎಲೆಗಳನ್ನು ತಿನ್ನುವ ಜೈಗೊಗ್ರಾಮಾ ಎಂಬ ಮೆಕ್ಸಿಕೊದ ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಅದು ನೆಲೆಯೂರಿತು, ಮಳೆಗಾಲದಲ್ಲಿ ಗಿಡಗಳನ್ನು ಬೋಳು ಮಾಡತೊಡಗಿತು. 1990ರ ದಶಕದ ಆರಂಭದಲ್ಲಿ ಒಂದು ದೂರು ಎದ್ದಿತು: ಈ ಹುಳು ಸೂರ್ಯಕಾಂತಿಯನ್ನೂ ತಿನ್ನುತ್ತಿದೆ. ರೈತರಿಗೆ ಗಾಬರಿಯಾಯಿತು, ಹುಳುವನ್ನು ತಂದವರ ಮೇಲೆ ಮಾತು ಬಂತು. ಜೀರುಂಡೆಯನ್ನು ಬಿಟ್ಟ ತಂಡದ ಕೆ.ಪಿ. ಜಯಂತ್ ಮತ್ತು ಸಂಗಡಿಗರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಉತ್ತರ ಸ್ವಾರಸ್ಯಕರವಾಗಿತ್ತು. ಪಕ್ಕದ ಪಾರ್ಥೇನಿಯಂ ಗಿಡಗಳ ಪರಾಗ ಗಾಳಿಯಲ್ಲಿ ಬಂದು ಸೂರ್ಯಕಾಂತಿ ಎಲೆಗಳ ಮೇಲೆ ಕೂತಿತ್ತು. ಆ ಪರಾಗದ ಸೆಳೆತಕ್ಕೆ ಹುಳು ಎಲೆಗೆ ಬಾಯಿ ಹಾಕಿತ್ತು.

ಅಲ್ಲಿ ತಪ್ಪು ಯಾರದು? ಹುಳು ತನಗೆ ಗೊತ್ತಿದ್ದ ಗುರುತನ್ನು ಹಿಡಿದು ಹೋಯಿತು. ಸೂರ್ಯಕಾಂತಿ ನಿಂತಲ್ಲೇ ನಿಂತಿತ್ತು. ಪರಾಗ ಗಾಳಿ ಒಯ್ದಲ್ಲಿಗೆ ಹೋಯಿತು. ಪಾರ್ಥೆನಿನ್ ಅಂಟಿದ ನಮ್ಮ ಚರ್ಮದ ಸ್ಥಿತಿ ಆ ಸೂರ್ಯಕಾಂತಿ ಎಲೆಯ ಸ್ಥಿತಿಯಂಥದೇ.

ಹಾಗಿದ್ದರೆ ಕೆಟ್ಟದ್ದು ಸೈಟೊಕೈನೇ? ಅದೂ ನಿಲ್ಲುವುದಿಲ್ಲ. ಇಲ್ಲಿ ಚರ್ಮವನ್ನು ಕೆಂಪಗೆ ಮಾಡುವ ಇಂಟರ್‌ಫೆರಾನ್-ಗಾಮಾ ಇಲ್ಲದಿದ್ದರೆ ಕ್ಷಯದ ಬ್ಯಾಕ್ಟೀರಿಯಾ ನಮ್ಮನ್ನು ಸುಲಭವಾಗಿ ಕೆಡವುತ್ತದೆ. ಸಂಧಿವಾತಕ್ಕೆಂದು ಟಿಎನ್‌ಎಫ್ ಅನ್ನು ತಡೆಯುವ ಔಷಧಿ ತೆಗೆದುಕೊಂಡವರಲ್ಲಿ ಒಳಗೆ ಮಲಗಿದ್ದ ಕ್ಷಯ ಎದ್ದು ಕೂರಬಹುದು. ಅದಕ್ಕೇ ಆ ಔಷಧಿ ಕೊಡುವ ಮೊದಲು ಕ್ಷಯವಿದೆಯೇ ಎಂದು ನೋಡುತ್ತಾರೆ. ಇಂಟರ್‌ಲ್ಯೂಕಿನ್-4, 5, 13ರ ಬಣ ಹೊಟ್ಟೆಹುಳುಗಳನ್ನು ಓಡಿಸಲು ಬೇಕು. ಅಣುಗಳಲ್ಲಿ ಒಳ್ಳೆಯವು, ಕೆಟ್ಟವು ಎಂಬ ಪಂಕ್ತಿಭೇದ ಸಾಧ್ಯವಿಲ್ಲ.

*

ಕಳ್ಳಂಬೆಳ್ಳದ ಕಡೆ ನಾನು ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಜೀವಮಾನವೆಲ್ಲ ಕಡಲೆಕಾಯಿ, ರಾಗಿ ಹೊಲದ ಕೆಲಸ. ಮಳೆಗಾಲ ಮುಗಿದು ಗಿಡ ಒಣಗುವ ಹೊತ್ತಿಗೆ ಅವರ ಮುಖ, ಕತ್ತು ನೋಡಲಾಗದು. ಪೇಟೆಯ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಬಂದಿದ್ದರು. ಏನಂದರು ಎಂದು ಕೇಳಿದೆ.

"ಆ ಗಿಡದ್ ತಾವ ಹೋಗ್ಬೇಡಿ ಅಂದ್ರು ಕಣವ್ವ. ನಾನೆಲ್ಲಿ ಹೋಗ್ಲಿ, ಅದೇ ನನ್ ತಾವ ಬತ್ತದೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. "ಎಲ್ಲಾರೂ ಅದೇ ಹೊಲ್ದಾಗೆ ಗೇಯ್ತಾರೆ. ಯಾರ್ಗೂ ಏನೂ ಆಗಾಕಿಲ್ಲ. ನನ್ ಮೈಯೇ ಸರಿಗಿಲ್ಲ."

ವೈದ್ಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಗಿಡದಿಂದ ದೂರವಿರುವುದೇ ಮೊದಲ ಚಿಕಿತ್ಸೆ ಎಂದು ಪುಸ್ತಕಗಳೂ ಹೇಳುತ್ತವೆ. ದೊಡ್ಡಪ್ಪ ಹೇಳಿದ್ದರಲ್ಲಿಯೂ ಒಂದು ನಿಜವಿದೆ. ಒಂದೇ ಹೊಲದಲ್ಲಿ ಗೇಯುವ ಎಲ್ಲರಿಗೂ ಈ ಕಾಯಿಲೆ ಬರುವುದಿಲ್ಲ. ಅವರ ಮೈಯಲ್ಲಿ ಆಗುವ ಕ್ರಿಯೆ ಪಕ್ಕದವರ ಮೈಯಲ್ಲಿ ಆಗುತ್ತಿಲ್ಲ. ಆದರೆ 'ಕಾರಣ ನನ್ನ ಮೈಯಲ್ಲಿ ಇದೆ' ಎಂಬಲ್ಲಿಂದ 'ನನ್ನ ಮೈ ಸರಿಯಿಲ್ಲ' ಎಂಬಲ್ಲಿಗೆ ಅವರು ಇಟ್ಟ ಹೆಜ್ಜೆ ವಿಜ್ಞಾನದ್ದಲ್ಲ. ಮೊದಲನೆಯದು ಜಾಗದ ಮಾತು, ಎರಡನೆಯದು ತೀರ್ಪು. ಪ್ರಯೋಗಾಲಯದಲ್ಲಿ ನಾವು ಮೊದಲನೆಯದನ್ನಷ್ಟೇ ಹೇಳುತ್ತೇವೆ. ಆದರೆ ಕೇಳಿಸಿಕೊಳ್ಳುವವರು ದುರ್ಬಲರಾದಷ್ಟೂ ಅದು ಎರಡನೆಯದಾಗಿ ಅವರ ಕಿವಿಗೆ ಬೀಳುತ್ತದೆ. ಕಾಯಿಲೆ ಬಿದ್ದವರು ತಮ್ಮನ್ನೇ ಹಳಿದುಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಹಿಂದೆ ಕರ್ಮ ಎನ್ನುತ್ತಿದ್ದರು. ಈಗ ಇಮ್ಯೂನಿಟಿ ಸರಿಯಿಲ್ಲ ಎನ್ನುತ್ತಾರೆ.

'ಗಿಡದ ಹತ್ತಿರ ಹೋಗಬೇಡಿ' ಎಂಬ ಸಲಹೆಯಲ್ಲೂ ಒಂದು ಹೊರೆ ಅಡಗಿದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಅದು ಕಿಟಕಿ ಮುಚ್ಚುವಷ್ಟೇ ಸುಲಭ. ಕೂಲಿಗೆ ಕಳೆ ಕೀಳುವವರಿಗೆ ಅದು ಕೂಲಿ ಬಿಡಿ ಎಂದು ಹೇಳಿದಂತೆ. ಗಾಳಿಯಲ್ಲಿ ತೇಲಿ ಬರುವ ವಸ್ತುವಿನಿಂದ ಒಬ್ಬ ಮನುಷ್ಯ ತಾನೊಬ್ಬನೇ ದೂರವಿರುವುದು ಹೇಗೆ? ಅದು ಊರು ಸೇರಿ ಮಾಡಬೇಕಾದ ಕೆಲಸ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಒಬ್ಬರ ಹೆಸರಿಗೇ ಬರೆದಿರುತ್ತದೆ.

*

ಚಿಕಿತ್ಸೆಯಾದರೂ ಹೀಗೇ. ದೆಹಲಿಯ ಏಮ್ಸ್ ವೈದ್ಯರು ಅಂಗ ಕಸಿಯಲ್ಲಿ ಬಳಸುವ ಅಜಾಥಯೋಪ್ರಿನ್ ಎಂಬ ಮಾತ್ರೆಯನ್ನು ಪಾರ್ಥೇನಿಯಂ ಚರ್ಮರೋಗಕ್ಕೆ ಕೊಟ್ಟು ಗುಣ ಕಂಡಿದ್ದಾರೆ. ಅದರ ಬೆಲೆ ಕೈಗೆಟುಕುವಂಥದು. ಆದರೆ ಅದು ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುವುದರಿಂದ ಆಗಾಗ ರಕ್ತ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಅಂದರೆ ಬಸ್ಸು ಹಿಡಿದು ಪೇಟೆಗೆ ಹೋಗಿ ಒಂದು ದಿನದ ಕೂಲಿ ಬಿಡಬೇಕು. ಇನ್ನು ಒಂದೇ ಸೈಟೊಕೈನಿನ ದಾರಿಯನ್ನು ಕಟ್ಟುವ ಹೊಸ ಔಷಧಿಗಳಿವೆ. ಇಂಟರ್‌ಲ್ಯೂಕಿನ್-4 ಮತ್ತು 13ರ ಸಂದೇಶವನ್ನು ತಡೆಯುವ ಡುಪಿಲುಮ್ಯಾಬ್‌ಗೆ 2017ರಲ್ಲಿ ಅಮೆರಿಕದಲ್ಲಿ ಅಟೋಪಿಕ್ ಚರ್ಮರೋಗಕ್ಕಾಗಿ ಒಪ್ಪಿಗೆ ಸಿಕ್ಕಿತು. ನನ್ನ ಕ್ಷೇತ್ರದ ದೊಡ್ಡ ಗೆಲುವುಗಳಲ್ಲಿ ಅದೊಂದು. ಅದರ ಬೆಲೆ ಕೇಳಿದರೆ ನಮ್ಮ ಸೀಮೆಯ ರೈತರು ನಕ್ಕು ಸುಮ್ಮನಾಗುತ್ತಾರೆ.

ವಿಜ್ಞಾನ ಹತ್ತಿರದ ಕಾರಣವನ್ನು ಹುಡುಕುವುದಕ್ಕೆ ಒಳ್ಳೆಯ ಕಾರಣವಿದೆ. ಹತ್ತಿರದ ಕಾರಣಕ್ಕೆ ಹಿಡಿ ಇರುತ್ತದೆ. ಅದನ್ನು ಹಿಡಿದು ತಿರುಗಿಸಬಹುದು. ಇಂಟರ್‌ಲ್ಯೂಕಿನ್-31 ತುರಿಕೆ ತರುತ್ತದೆ ಎಂದು ಗೊತ್ತಾದರೆ ಅದನ್ನು ತಡೆದು ಒಬ್ಬರಿಗೆ ರಾತ್ರಿ ನಿದ್ದೆ ಬರುವಂತೆ ಮಾಡಬಹುದು. ತುರಿಸಿಕೊಳ್ಳುತ್ತಾ ಬೆಳಗು ಮಾಡಿದವರಿಗೆ ಅದರ ಬೆಲೆ ಗೊತ್ತು. ಹಾಗಾಗಿ ನನ್ನ ಕೆಲಸದ ಬಗ್ಗೆ ನನಗೆ ಸಂಕೋಚವಿಲ್ಲ. ಆದರೆ ಹಿಡಿ ಎಲ್ಲಿದೆಯೋ ಹೊಣೆಯೂ ಅಲ್ಲೇ ಇದೆ ಎಂದುಕೊಂಡಾಗ ಒಂದು ಅನ್ಯಾಯ ಶುರುವಾಗುತ್ತದೆ. ಹಿಡಿ ಇರುವುದು ರೋಗಿಯ ಮೈಯಲ್ಲಿ. ಖರ್ಚು, ಎಚ್ಚರ, ನಾಚಿಕೆ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ಕೆರೆ ಏರಿಯ ಗಿಡಕ್ಕೆ ಯಾರೂ ಚೀಟಿ ಬರೆಯುವುದಿಲ್ಲ.

ಕಾನೂನು ಒಂದಿದೆ. ಕರ್ನಾಟಕ ಸರ್ಕಾರ 1975ರಲ್ಲಿಯೇ ಪಾರ್ಥೇನಿಯಂ ಅನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು. ಅಂಥ ಕಾನೂನಿನ ಪ್ರಕಾರ ಜಮೀನು ಯಾರ ಸ್ವಾಧೀನದಲ್ಲಿದೆಯೋ ಅವರು ಗಿಡ ಕಿತ್ತುಹಾಕಬೇಕು. ಐವತ್ತು ವರ್ಷ ಕಳೆದಿದೆ. ಖಾಸಗಿ ಹೊಲದಲ್ಲಿ ರೈತ ತನ್ನ ಬೆಳೆಗಾಗಿಯಾದರೂ ಕಳೆ ತೆಗೆಯುತ್ತಾನೆ. ಗಿಡ ಉಳಿಯುವುದು ರಸ್ತೆಯಂಚು, ಗೋಮಾಳ, ಕೆರೆಯಂಗಳ, ಯಾರೂ ಉಳದ ಬೀಳು, ಯಾರೋ ಕೊಂಡು ಬೇಲಿ ಹಾಕಿ ಬಿಟ್ಟುಹೋದ ಜಾಗಗಳಲ್ಲಿ. ಎಲ್ಲರದೂ ಆದ ಜಾಗ ಮತ್ತು ಯಾರೂ ಇಲ್ಲದ ಜಾಗ. ಅಲ್ಲಿ ತಪ್ಪು ಹುಡುಕಲು ಹೊರಟರೆ ಪಂಚಾಯಿತಿಯವರು ಲೋಕೋಪಯೋಗಿಯವರನ್ನು ತೋರಿಸುತ್ತಾರೆ, ಅವರು ಇನ್ನೊಂದು ಇಲಾಖೆಯನ್ನು ತೋರಿಸುತ್ತಾರೆ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಆ ಗಿಡವನ್ನು ನೆಟ್ಟವರು ಅವರು ಯಾರೂ ಅಲ್ಲವಲ್ಲ.

*

ನಾನು ಹೇಳಬೇಕೆಂದಿರುವುದು ಇಲ್ಲಿದೆ. ತಪ್ಪು ಯಾರದೂ ಅಲ್ಲ ಎಂದು ಗೊತ್ತಾದ ಕೂಡಲೇ ಕೆಲಸವೂ ಯಾರದೂ ಅಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಇದು ಹಾಗಾಗಬೇಕಿಲ್ಲ.

ಕೆರೆಯನ್ನೇ ನೋಡಿ. ಕೆರೆಗೆ ಹೂಳು ತುಂಬುವುದು ಯಾರ ತಪ್ಪೂ ಅಲ್ಲ. ನೀರು ಬಂದರೆ ಮಣ್ಣೂ ಬರುತ್ತದೆ. ಆದರೆ ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬು ನೋಡಿಕೊಳ್ಳುವುದು ಯಾರದೋ ಕೆಲಸವಾಗಿತ್ತು. ಅದಕ್ಕೆಂದೇ ಭೂಮಿಯನ್ನೋ ಆದಾಯವನ್ನೋ ಬಿಟ್ಟುಕೊಡುತ್ತಿದ್ದರು. ಬಿಟ್ಟುವಟ್ಟ, ಕೆರೆಗೊಡಗೆ ಮುಂತಾದ ಮಾತುಗಳು ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ನೀರು ಹಂಚಲು ನೀರಗಂಟಿ ಇದ್ದ. ಆ ಏರ್ಪಾಡನ್ನು ಹೊಗಳಿ ಹಾಡಲು ನಾನು ಇದನ್ನು ನೆನೆಯುತ್ತಿಲ್ಲ. ಅದರಲ್ಲಿ ಮೈ ದಂಡಿಸಬೇಕಾದದ್ದು ಹೆಚ್ಚಾಗಿ ಯಾವ ಕೇರಿಯವರು, ನೀರು ಮೊದಲು ಹರಿದದ್ದು ಯಾರ ಗದ್ದೆಗೆ ಎಂಬುದು ನಮಗೆಲ್ಲ ಗೊತ್ತು. ಆದರೆ ಅದರೊಳಗಿದ್ದ ಒಂದು ಅರಿವು ಇಂದಿಗೂ ಬೇಕು. ಕೆಲವು ಕೇಡುಗಳಿಗೆ ಅಪರಾಧಿ ಇರುವುದಿಲ್ಲ. ಅವುಗಳಿಗೆ ನಿಗಾ ಬೇಕು. ಅಪರಾಧಿ ಸಿಗುವವರೆಗೆ ಕಾದರೆ ಕೆರೆ ಮುಚ್ಚಿಹೋಗುತ್ತದೆ.

ಇದನ್ನೇ ದೇಹವೂ ತನ್ನ ಮಟ್ಟದಲ್ಲಿ ಮಾಡುತ್ತಿದೆ ಎಂಬುದು ನನ್ನ ಓದಿನಲ್ಲಿ ನನಗೆ ಸಿಕ್ಕ ದೊಡ್ಡ ಅಚ್ಚರಿ. ಪಾರ್ಥೇನಿಯಂ ಹೊಲದಲ್ಲಿ ಗೇದೂ ಏನೂ ಆಗದವರ ಮೈ ಸುಮ್ಮನಿದೆ ಎಂದು ನಾವು ತಿಳಿಯುತ್ತೇವೆ. ರೋಗನಿರೋಧಕ ವ್ಯವಸ್ಥೆಯಲ್ಲಿ ಸುಮ್ಮನಿರುವುದೂ ಒಂದು ಕೆಲಸ. ನಿಯಂತ್ರಕ ಟಿ ಕೋಶಗಳು ಎಂಬ ಬಣವೊಂದಿದೆ. ಇತರ ಟಿ ಕೋಶಗಳನ್ನು ತಗ್ಗಿಸುವುದು, ಇಂಟರ್‌ಲ್ಯೂಕಿನ್-10ರಂಥ ಶಮನಕಾರಿ ಸೈಟೊಕೈನ್‌ಗಳನ್ನು ಬಿಡುವುದು ಅದರ ಕೆಲಸ. ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಇವುಗಳನ್ನು ಗುರುತಿಸಿದರು. ಅವರಿಗೂ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಈ ಕೋಶಗಳು ಹುಟ್ಟಿನಿಂದಲೇ ಇಲ್ಲದ ಮಕ್ಕಳಲ್ಲಿ ದೇಹ ತನ್ನನ್ನೇ ಹಲವು ಕಡೆ ಸುಟ್ಟುಕೊಳ್ಳುತ್ತದೆ. ಅಂದರೆ ಆರೋಗ್ಯವಂತರ ಶಾಂತಿ ಪ್ರತಿದಿನ ಯಾರೋ ಕಾಯ್ದುಕೊಂಡು ಬಂದದ್ದು.

ಇಲ್ಲೊಂದು ಎಚ್ಚರಿಕೆ ಬೇಕು. ದೇಹದಿಂದ ಸಮಾಜಕ್ಕೆ ನೇರವಾಗಿ ಪಾಠ ತೆಗೆಯುವುದು ಅಪಾಯ. 'ದೇಹವೇ ಸಹಿಸಿಕೊಳ್ಳುತ್ತದೆ, ನೀವೂ ಒಗ್ಗಿಕೊಳ್ಳಿ' ಎಂದು ಕೂಲಿಯವರಿಗೆ ಹೇಳುವವರು ಸಿಕ್ಕೇ ಸಿಗುತ್ತಾರೆ. ಒಗ್ಗಿಕೊಳ್ಳಬೇಕಾದವರು ಯಾವಾಗಲೂ ಒಂದೇ ಕಡೆಯವರಾಗಿದ್ದರೆ ಅದು ಸಹನೆಯಲ್ಲ. ತಪ್ಪು ಎಲ್ಲೂ ಇಲ್ಲ ಎಂದೂ ನಾನು ಹೇಳುತ್ತಿಲ್ಲ. ಕೈಗವಸು ಕೊಡದೆ ಬರಿಗೈಯಲ್ಲಿ ಪಾರ್ಥೇನಿಯಂ ಕೀಳಿಸುವುದು ತಪ್ಪೇ. ಅಂಥ ಕೆಲಸವೇ ಹಲವರ ಮೈಗೆ ಈ ಅಣುವಿನ ಮೊದಲ ಪರಿಚಯ ಮಾಡಿಸುತ್ತದೆ. ನಾನು ಹೇಳುತ್ತಿರುವುದು ತಪ್ಪು ಸಿಗದ ಕಡೆಯೂ ಹೊಣೆ ಉಳಿದಿರುತ್ತದೆ ಎಂದು.

'ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕೇ ಹೊಣೆಯನ್ನು ಹಂಚಬೇಕು, ಹೆಸರು ಬರೆದು ಹಂಚಬೇಕು. ಹೂಬಿಡುವ ಮೊದಲು, ನೆಲ ಹಸಿಯಿರುವಾಗ ಬೇರುಸಹಿತ ಕಿತ್ತರೆ ಗಿಡ ಬೀಜ ಚೆಲ್ಲುವುದಿಲ್ಲ, ಕಿತ್ತದ್ದನ್ನು ಗೊಬ್ಬರವನ್ನೂ ಮಾಡಬಹುದು. ಕೃಷಿ ವಿಜ್ಞಾನಿ ಎಂ. ಮಹದೇವಪ್ಪ ಅವರು ಪಾರ್ಥೇನಿಯಂ ಜಾಗದಲ್ಲಿ ಕ್ಯಾಸಿಯಾ ಜಾತಿಯ ಗಿಡ ಬೆಳೆಸಿ ಅದನ್ನು ಹಿಮ್ಮೆಟ್ಟಿಸಬಹುದೆಂದು ವರ್ಷಗಟ್ಟಲೆ ಸಾರಿದರು. ಜೀರುಂಡೆ ತನ್ನ ಪಾಲಿನ ಕೆಲಸ ಮಾಡುತ್ತಿದೆ. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹವೂ ನಡೆಯುತ್ತದೆ. ಬ್ಯಾನರು, ಭಾಷಣ, ಫೋಟೊ ಎಲ್ಲವೂ ಇರುತ್ತವೆ. ತಿಳಿವಳಿಕೆಗೆ ಕೊರತೆಯಿಲ್ಲ. ಕೊರತೆಯಿರುವುದು ಈ ಏರಿ ಯಾರ ಪಾಲಿಗೆ, ಆ ರಸ್ತೆಯಂಚು ಯಾರ ಪಾಲಿಗೆ, ಕೀಳುವವರ ಕೂಲಿ ಮತ್ತು ಕೈಗವಸು ಯಾವ ಲೆಕ್ಕಕ್ಕೆ ಎಂಬ ಸಣ್ಣ ಉತ್ತರಗಳಿಗೆ. ಇವನ್ನು ಬರೆಯಲು ಪ್ರಯೋಗಾಲಯ ಬೇಡ, ಗ್ರಾಮಸಭೆಯ ಒಂದು ನಡಾವಳಿ ಪುಸ್ತಕ ಸಾಕು.

ನನ್ನ ಪ್ರಬಂಧದಲ್ಲಿ 'ಕಾರಣ' ಎಂಬ ಪದ ನೂರಾರು ಸಲ ಬರುತ್ತದೆ. ಬರೆಯುವಾಗ ಅದನ್ನು ಅಣುಗಳಿಗಷ್ಟೇ ಬಳಸುತ್ತೇನೆ, ಬಳಸಬೇಕಾದದ್ದೂ ಹಾಗೆಯೇ. ಆದರೆ ಆ ಪದ ಪ್ರಯೋಗಾಲಯದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಹೊಲಕ್ಕೆ ಹೋಗುವ ದಾರಿಯಲ್ಲಿ ಏನೇನು ಹೊತ್ತುಕೊಳ್ಳುತ್ತದೆ ಎಂಬುದನ್ನು ನೋಡಿಕೊಳ್ಳುವುದೂ ಓದಿದವರ ಪಾಲಿಗೆ ಬರುವ ಕೆಲಸ. 'ನಿಮ್ಮ ಮೈ ಸರಿಯಾಗೇ ಇದೆ. ಅದಕ್ಕೂ ಈ ಗಿಡಕ್ಕೂ ಆಗಿಬರಲ್ಲ, ಅಷ್ಟೆ. ಗಿಡ ಇಲ್ಲಿರಬೇಕಾಗಿರಲಿಲ್ಲ' ಎಂದು ರೋಗಿಗೆ ಹೇಳಲು ಒಂದು ನಿಮಿಷ ಸಾಕು. ಅದರಿಂದ ತುರಿಕೆ ಕಡಿಮೆಯಾಗುವುದಿಲ್ಲ ನಿಜ. ಆದರೆ ಹಾಗೆ ಕೇಳಿಸಿಕೊಂಡವರು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಕೆರೆ ಏರಿ ಯಾರ ಪಾಲಿಗೆ ಎಂದು ಕೇಳಬಹುದು.